ವಾಚು ಬಲಗೈಗೆ ಯಾಕೆ?

ತುಮಕೂರು
ಭಾನುವಾರ

ಪ್ರೀತಿಯ ಪುಟ್ಟಿ,

ನೀನು ಮಾತ್ರೆ ಬಿಟ್ಟಿದ್ದೀಯೆಂದು ನಿನ್ನಮ್ಮ ಫೋನಿನಲ್ಲಿ ಅತ್ತಳು. ‘ಹೇಗೂ ಮಕ್ಕಳಾಗೋಲ್ಲ, ಮುಟ್ಟು ತರಿಸಿಕೊಂಡು ಏನು ಮಾಡಲಿ’ ಅಂದೆಯಂತೆ. ನನ್ನ ಇಪ್ಪತ್ನಾಲ್ಕರಲ್ಲಿ ಮನೆಯ ಹಿರಿಯರೊಬ್ಬರು ಇದೇ ಮಾತು ಹೇಳಿದ್ದರು. ನಾನೂ ಬಿಟ್ಟೆ. ಹೌದು ಮಗು, ನಿನಗಿರುವ ಟರ್ನರ್ ಸಿಂಡ್ರೋಮ್ ನನಗೂ ಇದೆ. ಇಷ್ಟು ದಿನ ನಿನಗೆ ಹೇಳದೇ ಇದ್ದದ್ದು ನನ್ನ ತಪ್ಪು.

ವಾಚನ್ನು ಬಲಗೈಗೆ ಯಾಕೆ ಕಟ್ಟುತ್ತೀರಿ ಎಂದು ಆರನೇ ಕ್ಲಾಸಿನಲ್ಲಿ ನೀನು ಕೇಳಿದ್ದೆ. ನನ್ನ ನಲವತ್ತೊಂದರಲ್ಲಿ ಬಚ್ಚಲಲ್ಲಿ ಕಾಲು ಜಾರಿ ಎಡಗೈ ಊರಿದೆ. ಅಷ್ಟಕ್ಕೇ ಮಣಿಕಟ್ಟು ಒಣ ಪುಳ್ಳೆಯ ಹಾಗೆ ಲಟಕ್ಕೆಂದಿತು. ಆರು ವಾರ ಪಟ್ಟಿ. ಮೂಳೆ ಕೂಡಿತು, ಆದರೆ ಸೊಟ್ಟಗೆ. ಅದಕ್ಕೇ ವಾಚು ಬಲಗೈಗೆ. ಇವತ್ತಿಗೂ ಒದ್ದೆ ಸೀರೆ ಹಿಂಡಲು ಆಗುವುದಿಲ್ಲ.

ಹುಟ್ಟುವ ಸುಮಾರು 2,000–2,500 ಹೆಣ್ಣುಮಕ್ಕಳಲ್ಲಿ ಒಬ್ಬಳು ನಮ್ಮ ಹಾಗೆ. ಎರಡು ಎಕ್ಸ್ ಕ್ರೋಮೋಸೋಮ್‌ಗಳಲ್ಲಿ ಒಂದು ಪೂರ್ತಿಯಾಗೋ ಅರ್ಧಂಬರ್ಧವಾಗೋ ಇರುವುದಿಲ್ಲ. ನಮ್ಮಲ್ಲಿ ಹೆಚ್ಚಿನವರ ಅಂಡಾಶಯ ಬೇಗ ಬತ್ತುತ್ತದೆ, ಈಸ್ಟ್ರೋಜೆನ್ ಸಾಲುವುದಿಲ್ಲ. ಅದು ಬರೀ ಮುಟ್ಟಿನ ಹಾರ್ಮೋನ್ ಅಲ್ಲ, ಪುಟ್ಟಿ. ಮೂಳೆ ದಿನವೂ ಕೆಡವಿ ಕಟ್ಟುವ ಮನೆ; ಕೆಡವುವ ಕೈಯನ್ನು ಹಿಡಿದು ನಿಲ್ಲಿಸುವುದು ಈಸ್ಟ್ರೋಜೆನ್. ಮೂವತ್ತರೊಳಗೆ ಕೂಡಿಟ್ಟ ಮೂಳೆಯೇ ಮುಂದಿನ ಬದುಕಿಗೆಲ್ಲ ಗಂಟು. ನಿನಗೀಗ ಹತ್ತೊಂಬತ್ತು, ಕೂಡಿಡುವ ಕಾಲ.

ಅದಕ್ಕೇ ಡಾಕ್ಟರು ಈಸ್ಟ್ರೋಜೆನ್ ಮಾತ್ರೆಯನ್ನು ಹನ್ನೊಂದು-ಹನ್ನೆರಡಕ್ಕೆ ಸಣ್ಣ ಡೋಸಿನಿಂದ ಶುರು ಮಾಡಿ, ಸುಮಾರು ಐವತ್ತರವರೆಗೂ ಕೊಡುವುದು. ಪ್ರತಿ ತಿಂಗಳು ಕೆಲವು ದಿನ ನುಂಗುವ ಇನ್ನೊಂದು ಮಾತ್ರೆ ಪ್ರೊಜೆಸ್ಟರಾನ್. ಗರ್ಭಕೋಶದ ಒಳಪದರ ದಪ್ಪಗಟ್ಟದಂತೆ ಕಾಯುತ್ತದೆ. ಒಂದನ್ನು ನುಂಗಿ ಇನ್ನೊಂದನ್ನು ಬಿಡಬೇಡ. ಮಾತ್ರೆಯಿಂದ ತಲೆನೋವು, ವಾಕರಿಕೆ ಇದ್ದರೆ ಡಾಕ್ಟರಿಗೆ ಹೇಳು, ಚರ್ಮಕ್ಕೆ ಅಂಟಿಸುವ ಪ್ಯಾಚ್ ಕೂಡ ಇದೆ.

ರಾಗಿ ತಿನ್ನು, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಿಸಿಲಲ್ಲಿ ನಡೆ. ಆದರೆ ರಾಗಿ ಇಟ್ಟಿಗೆಯಷ್ಟೇ, ಮೇಸ್ತ್ರಿ ಆ ಮಾತ್ರೆಯೇ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದಾಗ ನಿನ್ನ ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಲು ಹೇಳು. ಗಿಡ್ಡ ಮೈಯವರ ಮೂಳೆಯನ್ನು ಆ ಯಂತ್ರ ಇರುವುದಕ್ಕಿಂತ ಟೊಳ್ಳೆಂದು ತೋರಿಸಬಹುದು. ವರ್ಷಕ್ಕೊಮ್ಮೆ ಥೈರಾಯ್ಡ್ ಪರೀಕ್ಷೆಯೂ ಆಗಲಿ.

ತಾಯಿಯಾಗುವುದು, ಆಗದಿರುವುದು ಬೇರೆ ಮಾತು. ಅತ್ತು ಹಗುರಾಗಬೇಕಾದರೆ ನನ್ನ ಹತ್ತಿರ ಬಾ. ಆದರೆ ಆ ದುಃಖಕ್ಕೆ ನಿನ್ನ ಮೂಳೆಯನ್ನು ತೆರಬೇಡ.

ಇವತ್ತು ರಾತ್ರಿಯೇ ಡಾಕ್ಟರಿಗೆ ಫೋನ್ ಮಾಡು. ಹಬ್ಬಕ್ಕೆ ಮನೆಗೆ ಬಾ, ಸೀರೆ ಹಿಂಡಲು ನಿನ್ನ ಗಟ್ಟಿ ಕೈ ಬೇಕು.

ಇಂತಿ ನಿನ್ನ,
ಟೀಚರಮ್ಮ