ಪಿಕಪ್‌ಗೆ ಇನ್ನೆರಡು ಸಾಕೆಟ್ ಬೇಕೇ?

ಪ್ರಶ್ನೆ: ಪಿಕಪ್‌ನಲ್ಲಿ ತರಕಾರಿ ಸಾಗಿಸುತ್ತೇನೆ. ಮೊಬೈಲ್, ಬಿಲ್ಲಿಂಗ್ ಯಂತ್ರ, ಟೈರ್‌ಗೆ ಗಾಳಿ ತುಂಬುವ ಪಂಪ್ ಎಲ್ಲಕ್ಕೂ ಒಂದೇ ಲೈಟರ್ ಸಾಕೆಟ್. ಅದರ ಹಿಂದಿನಿಂದಲೇ ವೈರ್ ಎಳೆದು ಇನ್ನೆರಡು ಹಾಕಿಸಬಹುದೇ ಸಾರ್?

ಉತ್ತರ: ಬೇಡ. ಆ ವೈರು, ಫ್ಯೂಸು ಎರಡೂ ಒಂದು ಸಾಕೆಟ್‌ನ ಲೋಡಿಗೆಂದೇ ಹಾಕಿದವು. ಮೊಬೈಲ್ ಚಾರ್ಜರ್‌ಗೆ 2 ಆಂಪಿಯರ್ ಸಾಕು; ಗಾಳಿ ಪಂಪ್ ಒಂದೇ 10 ಆಂಪಿಯರ್‌ವರೆಗೂ ಎಳೆಯಬಲ್ಲದು. ಎಲ್ಲ ಒಟ್ಟಿಗೆ ಓಡಿದರೆ ಫ್ಯೂಸ್ ಹೋಗುತ್ತದೆ. ಆಗ ದೊಡ್ಡ ಫ್ಯೂಸ್ ಸಿಕ್ಕಿಸಿಬಿಡುವವರಿದ್ದಾರೆ. ಅಪಾಯ ಇರುವುದೇ ಅಲ್ಲಿ: ಫ್ಯೂಸ್ ಉಳಿದು, ಡ್ಯಾಶ್‌ಬೋರ್ಡ್ ಒಳಗಿನ ವೈರ್ ಸುಡುತ್ತದೆ.

ಬ್ಯಾಟರಿಯ ಪ್ಲಸ್‌ನಿಂದ 4 ಚದರ ಮಿ.ಮೀ. ತಾಮ್ರದ ವೈರ್ ಪ್ರತ್ಯೇಕವಾಗಿ ಎಳೆಸಿ. 20 ಆಂಪಿಯರ್ ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಲಿ. ಸಾಕೆಟ್ ಬಳಿ ಹಾಕಿದರೆ, ನಡುವೆ ವೈರ್ ಉಜ್ಜಿ ಬಾಡಿಗೆ ತಗುಲಿದಾಗ ಅದು ಕಾಯುವುದಿಲ್ಲ. ಎಂಜಿನ್ ಕಡೆಯಿಂದ ಕ್ಯಾಬಿನ್‌ಗೆ ವೈರ್ ದಾಟುವ ತೂತಿಗೆ ರಬ್ಬರ್ ಬುಷ್ ಕಡ್ಡಾಯ. ಅರ್ತ್ ಕೊಡುವಲ್ಲಿ ಪೇಂಟ್ ಕೆರೆದು, ಬರಿಯ ಲೋಹಕ್ಕೆ ಬೋಲ್ಟ್ ಬಿಗಿಸಲಿ. ಇಗ್ನಿಷನ್‌ನಿಂದ ಚಾಲೂ ಆಗುವ 30 ಆಂಪಿಯರ್ ರಿಲೇ ಸೇರಿಸಿದರೆ, ಕೀ ತೆಗೆದ ಮೇಲೆ ಚಾರ್ಜರ್ ಮರೆತರೂ ಬೆಳಿಗ್ಗೆ ಬ್ಯಾಟರಿ ಡೌನ್ ಆಗಿರುವುದಿಲ್ಲ.

ಪ್ರತಿ ಸಾಕೆಟ್‌ಗೂ 10 ಆಂಪಿಯರ್ ಫ್ಯೂಸ್ ಬೇರೆ ಇರಲಿ. 12 ವೋಲ್ಟ್‌ನಲ್ಲಿ ಅದು 120 ವ್ಯಾಟ್ ಮಾತ್ರ. ಇನ್ವರ್ಟರ್ ಸಿಕ್ಕಿಸಿ ಕೆಟಲ್ ಇಡುವ ಆಸೆ ಬಿಡಿ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಮೊದಲು ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ಕೆಲಸ ಮುಗಿದ ಮೇಲೆ ಪಂಪ್ ಐದು ನಿಮಿಷ ಓಡಿಸಿ, ಜಾಯಿಂಟ್‌ಗಳನ್ನು ಮುಟ್ಟಿ ನೋಡಿ. ಬಿಸಿಯಾಗಿದ್ದರೆ ದುಡ್ಡು ಕೊಡುವ ಮೊದಲೇ ಬಿಚ್ಚಿಸಿ, ಮತ್ತೆ ಹಾಕಿಸಿ.