ಎಂಟು ಕೋರ್ ಬೇಡ, ಹತ್ತಿರದ ಸರ್ವರ್ ಸಾಕು

ಲಂಡನ್ನಿನ ಓದುಗರೇ, ಕರೆನ್ಸಿ ವಹಿವಾಟಿನ ಮೆಟಾಟ್ರೇಡರ್ 5ರಲ್ಲಿ ಎರಡು ರೋಬಾಟ್ ಓಡಿಸಲು ಸರ್ವರಿಗೆ ಎಂಟು ಕೋರ್, 16 ಜಿಬಿ ರ್‍ಯಾಮ್ ಬೇಕೇ ಎಂದು ಕೇಳಿದ್ದೀರಿ. ಬೇಡ. ಎರಡು ಕೋರ್, 4 ಜಿಬಿ ಧಾರಾಳವಾಯಿತು. ಅದರಲ್ಲೂ ದೊಡ್ಡ ಪಾಲು ವಿಂಡೋಸ್‌ಗೇ ಹೋಗುತ್ತದೆ. ಬೇಡದ ಚಾರ್ಟುಗಳನ್ನು ಮುಚ್ಚಿಬಿಡಿ, ಉಳಿದ ರ್‍ಯಾಮ್ ತಿನ್ನುವುದು ಅವೇ. ಕೋರ್‌ಗಳನ್ನೆಲ್ಲ ನುಂಗುವ, ಹಳೆಯ ದರಗಳ ಮೇಲೆ ರೋಬಾಟನ್ನು ಮತ್ತೆ ಮತ್ತೆ ಪರೀಕ್ಷಿಸುವ ಬ್ಯಾಕ್‌ಟೆಸ್ಟ್ ಮನೆಯ ಕಂಪ್ಯೂಟರಿನಲ್ಲೇ ನಡೆಯಲಿ.

ದುಡ್ಡು ಹಾಕಬೇಕಾದದ್ದು ಸರ್ವರ್ ಇರುವ ಜಾಗಕ್ಕೆ. ಬ್ರೋಕರ್ ಸರ್ವರ್ ನ್ಯೂಯಾರ್ಕಿನಲ್ಲಿದ್ದರೆ ನಿಮ್ಮದೂ ಅಲ್ಲೇ ಇರಲಿ. ಲಂಡನ್ನಿನಿಂದ ಅಲ್ಲಿಗೆ ಆರ್ಡರ್ ಹೋಗಿ ಉತ್ತರ ಬರಲು ಸುಮಾರು 70 ಮಿಲಿಸೆಕೆಂಡ್ ಹಿಡಿಯುತ್ತದೆ. ವಿಂಡೋಸ್ ಅಪ್‌ಡೇಟನ್ನು ಮಾರುಕಟ್ಟೆ ಮುಚ್ಚಿರುವ ಶನಿವಾರಕ್ಕೆ ಇಡಿ. ವಾರದ ನಡುವೆ ಸರ್ವರ್ ತಾನಾಗಿ ರೀಸ್ಟಾರ್ಟ್ ಆದರೆ ರೋಬಾಟ್ ಸದ್ದಿಲ್ಲದೆ ನಿಂತಿರುತ್ತದೆ.

ಬೆಂಗಳೂರಿನಲ್ಲಿರುವ ನಿಮ್ಮ ತಮ್ಮನಿಗೂ ಇದೇ ವ್ಯವಸ್ಥೆ ಹಾಕಿಕೊಡುವ ಯೋಚನೆ ಕೈಬಿಡಿ. ಭಾರತದ ನಿವಾಸಿಗಳು ರಿಸರ್ವ್ ಬ್ಯಾಂಕಿನ ಅನುಮತಿಯಿಲ್ಲದ ವೇದಿಕೆಗಳಲ್ಲಿ ಕರೆನ್ಸಿ ವಹಿವಾಟು ನಡೆಸುವುದು ಫೆಮಾ (ವಿದೇಶಿ ವಿನಿಮಯ ನಿರ್ವಹಣಾ) ಕಾಯ್ದೆಯ ಉಲ್ಲಂಘನೆ.