ಹಕ್ಕಿಯ ಒಳರಚನೆ ಬಿಡಿಸಬೇಕೇ? ಕೋಳಿ ಅಂಗಡಿಯಿಂದ ಶುರು ಮಾಡಿ

ಯಲಹಂಕ, ಹೆಬ್ಬಾಳದ ಕೆರೆ ಏರಿಗಳ ಮೇಲೆ ಕ್ಯಾಮೆರಾ ಹಿಡಿದವರಿಗೆ ಬರವಿಲ್ಲ. ಹಕ್ಕಿಯ ಸ್ನಾಯು, ಮೂಳೆಯನ್ನು ನೋಡಿ ಚಿತ್ರ ಬರೆಯುವವರು ಮಾತ್ರ ಕಡಿಮೆ. ಹೊಸಬರಿಗೆ ಏಳು ಸೂತ್ರಗಳು ಇಲ್ಲಿವೆ.

1. ಮೊದಲು ಕಾನೂನು ತಿಳಿಯಿರಿ. ಕೆರೆ ಬಳಿ ಸತ್ತು ಬಿದ್ದ ಹಕ್ಕಿಯನ್ನು ಮನೆಗೆ ತರಬೇಡಿ. ಅಡ್ಡಬರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮಾತ್ರವಲ್ಲ, ಹಕ್ಕಿಜ್ವರದ ಭಯವೂ ಇದೆ.

2. ಕೋಳಿಯೆಂದು ಮೂಗು ಮುರಿಯಬೇಡಿ. ಬ್ರಿಟಿಷ್ ಚಿತ್ರಕಾರ ಜಾರ್ಜ್ ಸ್ಟಬ್ಸ್ 1795ರಲ್ಲಿ ಕೈಗೆತ್ತಿಕೊಂಡ ಅಂಗರಚನಾ ಚಿತ್ರಮಾಲೆಯಲ್ಲಿ ಮನುಷ್ಯ, ಹುಲಿಯ ಸಾಲಿನಲ್ಲೇ ಕೋಳಿಗೂ ಜಾಗ ಸಿಕ್ಕಿತ್ತು. ಬ್ರಾಯ್ಲರ್ ಎಳೆಯದು, ಅದರ ಎದೆಮೂಳೆಯ ತುದಿ ಇನ್ನೂ ಮೆತ್ತಗಿರುತ್ತದೆ. ಆರ್.ಟಿ. ನಗರದ ಅಂಗಡಿಯಲ್ಲಿ ತಲೆ, ಕಾಲು ಸಮೇತ ಬಲಿತ ನಾಟಿ ಕೋಳಿಯನ್ನೇ ಕೇಳಿ.

3. ಪದರಕ್ಕೊಂದು ಹಾಳೆ ಇಡಿ. ಗರಿ, ಚರ್ಮ, ಸ್ನಾಯು, ಮೂಳೆ, ಹೀಗೆ ಒಂದೊಂದೇ ಬಿಡಿಸುತ್ತ ಬರೆಯಿರಿ. ಎದೆಯ ದೊಡ್ಡ ಸ್ನಾಯು ರೆಕ್ಕೆಯನ್ನು ಕೆಳಕ್ಕೆ ಬಡಿಯುತ್ತದೆ. ಅದನ್ನು ಸರಿಸಿದರೆ ಅಡಿಯಲ್ಲಿ ಇನ್ನೊಂದು ಸಣ್ಣ ಸ್ನಾಯು ಸಿಗುತ್ತದೆ. ಅದನ್ನು ಎದೆಮೂಳೆಯಿಂದ ಬಿಡಿಸಿ ಮೆಲ್ಲಗೆ ಎಳೆಯಿರಿ, ರೆಕ್ಕೆ ಮೇಲೇಳುತ್ತದೆ! ಅದರ ಬಿಳಿ ಸ್ನಾಯುರಜ್ಜು ಭುಜದ ಮೂಳೆಗಳ ನಡುವಿನ ಕಿಂಡಿಯಲ್ಲಿ ಹಾದು, ಬಾವಿಯ ರಾಟೆ ಹಗ್ಗದಂತೆ ದಿಕ್ಕು ಬದಲಿಸುತ್ತದೆ. ಈ ಕಿಂಡಿಗೇ ಒಂದು ಪ್ರತ್ಯೇಕ ಚಿತ್ರ ಮೀಸಲಿಡಿ.

4. ಎಣಿಸಿ, ಆಮೇಲೆ ಗೆರೆ ಎಳೆಯಿರಿ. ಹಿಂಬೆರಳಿನಲ್ಲಿ 2 ಮೂಳೆ, ಉಳಿದ ಮೂರರಲ್ಲಿ ಕ್ರಮವಾಗಿ 3, 4, 5. ಹಿಂದಕ್ಕೆ ಮಡಚಿದ ಮೊಣಕಾಲಿನಂತೆ ಕಾಣುವುದು ಅಸಲಿಗೆ ಹಿಮ್ಮಡಿಯ ಕೀಲು. ಅಳತೆಗೆ ಡಿವೈಡರ್ ಬಳಸಿ, ಚಿತ್ರದ ಕೆಳಗೆ ಸ್ಕೇಲ್ ಹಾಕಿ.

5. ಮೂಳೆ ಉಳಿಸಿಕೊಳ್ಳಿ. ಸಣ್ಣ ಉರಿಯಲ್ಲಿ ಬೇಯಿಸಿ, ಹಳೇ ಬ್ರಷ್‌ನಿಂದ ಉಜ್ಜಿ, ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ನೆನೆಸಿ. ಬ್ಲೀಚ್ ಬೇಡ, ಮೂಳೆ ಪುಡಿಯಾಗುತ್ತದೆ. ಕೈಗೆ ಗ್ಲೌಸ್ ಇರಲಿ. ಬಾಲ್ಕನಿಯಲ್ಲಿ ಒಣಗಿಸುವಾಗ ಜರಡಿ ಮುಚ್ಚಿಡಿ, ಕಾಗೆ ಕಾಯುತ್ತಿರುತ್ತದೆ.

6. ಕೇಳಲು ನಾಚಬೇಡಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಿಂದ ಇದೆ. ಅಂಗರಚನಾಶಾಸ್ತ್ರ ವಿಭಾಗಕ್ಕೆ ಪತ್ರ ಬರೆದು ಅನುಮತಿ ಕೇಳಿ. ಏನನ್ನು ಬಿಡಿಸಬೇಕು, ಎಷ್ಟು ಹೊತ್ತು ಬೇಕು ಎಂಬುದು ಪತ್ರದಲ್ಲಿ ಸ್ಪಷ್ಟವಾಗಿರಲಿ.

7. ಕಲಿತದ್ದನ್ನು ಕೆರೆಯಲ್ಲಿ ಒರೆಗೆ ಹಚ್ಚಿ. ಬಕದ ಕತ್ತು ಚೂಪಾಗಿ ಮುರಿದಂತೆ ಬಾಗುವುದು ಆರನೇ ಕತ್ತುಮೂಳೆಯ ವಿಶೇಷ ರಚನೆಯಿಂದ. ಕೋಳಿಯ ಕತ್ತಿನಲ್ಲಿ ಸಾಮಾನ್ಯವಾಗಿರುವ 14 ಮೂಳೆಗಳನ್ನು ಒಂದೊಂದಾಗಿ ಬರೆದವರಿಗೆ ಆ ತಿರುವು ಎಲ್ಲಿ ಬರಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಪುಟ್ಟೇನಹಳ್ಳಿ ಕೆರೆಗೆ ಹೋಗುವಾಗ ಬೈನಾಕ್ಯುಲರ್ ಜೊತೆ ಪೆನ್ಸಿಲ್ಲೂ ಚೀಲದಲ್ಲಿರಲಿ.